ನಾಡಿಲ್ಲದ ರಾಯಭಾರಿ: ‘ಬ್ಯಾಬಿಲಾನ್ 5’ ಧಾರಾವಾಹಿಯ ಜಿಕಾರ್ ಪಾತ್ರ ಮತ್ತು ಜಾನಪದ ಆಶಯಗಳು

‘ರಾಯಭಾರ’ ಎಂಬ ಪದ ಕನ್ನಡದ ಓದುಗನಿಗೆ ಮೊದಲು ನೆನಪಿಸುವುದು ಉದ್ಯೋಗಪರ್ವದ ಕೃಷ್ಣನನ್ನು. ಯಕ್ಷಗಾನದ ‘ಕೃಷ್ಣ ಸಂಧಾನ’ ಪ್ರಸಂಗವನ್ನು ನೋಡಿದವರಿಗೆ ರಾಯಭಾರಿಯೆಂದರೆ ಯಾರೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆತ ತನ್ನ ಮಾತನ್ನಲ್ಲ, ತನ್ನನ್ನು ಕಳುಹಿಸಿದವರ ಮಾತನ್ನು ಆಡುವವನು; ಅವನ ಮೈಮೇಲೆ ಕೈಮಾಡಬಾರದೆಂಬುದು ಶತ್ರುವೂ ಒಪ್ಪಿದ ಕಟ್ಟಳೆ. ಆದರೆ ಕಳುಹಿಸಿದವರೇ ಇಲ್ಲವಾದರೆ ರಾಯಭಾರಿ ಏನಾಗುತ್ತಾನೆ? ಅವನು ಯಾರ ಪರವಾಗಿ, ಯಾವ ಅಧಿಕಾರದಿಂದ ಮಾತನಾಡುತ್ತಾನೆ? ಈ ಪ್ರಶ್ನೆಯನ್ನು ಕೇಂದ್ರದಲ್ಲಿಟ್ಟುಕೊಂಡು ದೀರ್ಘವಾಗಿ ಬೆಳೆದ ಪಾತ್ರವೊಂದು ಅಮೆರಿಕದ ವೈಜ್ಞಾನಿಕ ಕಥಾ ಧಾರಾವಾಹಿಯಾದ ‘ಬ್ಯಾಬಿಲಾನ್ 5’ರಲ್ಲಿದೆ. ಅದು ನಾರ್ನ್ ಎಂಬ ಅನ್ಯಗ್ರಹದ ಜನಾಂಗದ ರಾಯಭಾರಿ ಜಿಕಾರ್.

ಒಬ್ಬ ಲೇಖಕ ಬರೆದು, ಒಂದು ಉದ್ಯಮ ತಯಾರಿಸಿ, ಜಾಹೀರಾತುಗಳ ನಡುವೆ ಬಿತ್ತರಿಸಿದ ಕೃತಿಯನ್ನು ಜಾನಪದ ಅಧ್ಯಯನದ ವ್ಯಾಪ್ತಿಗೆ ತರಬಹುದೇ ಎಂಬ ಆಕ್ಷೇಪ ಸಹಜ. ಧಾರಾವಾಹಿ ಮೌಖಿಕ ಪರಂಪರೆಯ ಸೃಷ್ಟಿಯಲ್ಲ, ನಿಜ. ಆದರೆ ದೂರದರ್ಶನದ ಅಭಿಮಾನಿ ಸಮುದಾಯಗಳನ್ನು ಕ್ಷೇತ್ರಕಾರ್ಯದ ಮೂಲಕ ಅಧ್ಯಯನ ಮಾಡಿದ ಆರಂಭದ ಮಹತ್ವದ ಕೃತಿಗಳಲ್ಲಿ ಒಂದನ್ನು ರಚಿಸಿದವರು ಜಾನಪದ ವಿದ್ವಾಂಸೆ ಕ್ಯಾಮಿಲ್ ಬೇಕನ್-ಸ್ಮಿತ್ ಎಂಬುದನ್ನು ಮರೆಯಬಾರದು. ಅವರ ‘ಎಂಟರ್‌ಪ್ರೈಸಿಂಗ್ ವಿಮೆನ್’ 1992ರಲ್ಲಿ ಪ್ರಕಟವಾಯಿತು. ಆ ಅಧ್ಯಯನ ಪ್ರೇಕ್ಷಕರತ್ತ ಮುಖ ಮಾಡಿತ್ತು. ಪ್ರಸ್ತುತ ಲೇಖನದ ಉದ್ದೇಶ ಅದಲ್ಲ. ಜನಪದ ಕಥನದ ಆಶಯಗಳು ಲಿಖಿತ ಪಾತ್ರವೊಂದರೊಳಗೆ ಹೇಗೆ ಕೆಲಸ ಮಾಡುತ್ತವೆ, ಎಲ್ಲಿ ತಿರುವುಮುರುವಾಗುತ್ತವೆ ಎಂಬುದನ್ನು ನೋಡುವುದಷ್ಟೇ ಇಲ್ಲಿನ ಗುರಿ.

ಜೆ. ಮೈಕೆಲ್ ಸ್ಟ್ರಾಝಿನ್ಸ್ಕಿ ಅವರು ಸೃಷ್ಟಿಸಿದ ಈ ಧಾರಾವಾಹಿಯ ಪೂರ್ವಭಾವಿ ಚಿತ್ರ 1993ರ ಫೆಬ್ರವರಿಯಲ್ಲಿ ಪ್ರಸಾರವಾಯಿತು. 1994ರ ಜನವರಿಯಿಂದ 1998ರ ನವೆಂಬರ್‌ವರೆಗೆ ಐದು ಋತುಗಳಲ್ಲಿ 110 ಕಂತುಗಳು ಬಂದವು. ಅವುಗಳಲ್ಲಿ 92 ಕಂತುಗಳನ್ನು ಸ್ಟ್ರಾಝಿನ್ಸ್ಕಿಯವರೊಬ್ಬರೇ ಬರೆದರು. ಆರಂಭ, ನಡು, ಮುಕ್ತಾಯಗಳುಳ್ಳ ಒಂದೇ ಕಥೆಯನ್ನು ಐದು ವರ್ಷಗಳ ಅವಧಿಗೆ ಮೊದಲೇ ಯೋಜಿಸಿಕೊಂಡದ್ದು ಅಂದಿನ ಅಮೆರಿಕದ ದೂರದರ್ಶನದಲ್ಲಿ ಅಪರೂಪದ ಸಂಗತಿ. ಕಥೆ ನಡೆಯುವುದು ಇಪ್ಪತ್ತಮೂರನೆಯ ಶತಮಾನದ ಉತ್ತರಾರ್ಧದಲ್ಲಿ, ಐದು ಮೈಲಿ ಉದ್ದದ ಒಂದು ಬಾಹ್ಯಾಕಾಶ ನಿಲ್ದಾಣದಲ್ಲಿ. ಯುದ್ಧವನ್ನು ತಡೆಯುವುದಕ್ಕಾಗಿ ಕಟ್ಟಿದ ಈ ನಿಲ್ದಾಣದ ಸಲಹಾ ಮಂಡಳಿಯಲ್ಲಿ ಭೂಮಿಯವರ ಜೊತೆಗೆ ಮಿನ್ಬಾರಿ, ಸೆಂಟಾರಿ, ನಾರ್ನ್ ಮತ್ತು ವೊರ್ಲಾನ್ ಜನಾಂಗಗಳ ರಾಯಭಾರಿಗಳು ಕುಳಿತಿರುತ್ತಾರೆ. ನಾರ್ನರ ನಾಡು ಹಿಂದೆ ಸೆಂಟಾರಿ ಸಾಮ್ರಾಜ್ಯದ ವಸಾಹತಾಗಿತ್ತು. ದೀರ್ಘ ಹೋರಾಟದ ನಂತರ ಬಿಡುಗಡೆ ಪಡೆದಿತ್ತು. ಸೆಂಟಾರಿಯ ರಾಯಭಾರಿ ಲಾಂಡೋ ಮೊಲ್ಲಾರಿಯದು ಕ್ಷೀಣಿಸಿದ ಸಾಮ್ರಾಜ್ಯದ ವೈಭವವನ್ನು ನೆನೆದು ಕುಡಿಯುವ, ಜೂಜಾಡುವ ಸ್ವಭಾವ. ಜಿಕಾರನದು ಗಾಯವನ್ನು ಮರೆಯದವನ ಸಿಟ್ಟು. ಒಂದೇ ಸಭೆಯಲ್ಲಿ ಇವರಿಬ್ಬರನ್ನೂ ಕೂರಿಸಿದ್ದೇ ಕಥೆಯ ಬೀಜ.

ಮೊದಲ ಕಂತುಗಳಲ್ಲಿ ಜಿಕಾರ್ ಬಹುಮಟ್ಟಿಗೆ ಖಳನೇ. ಗುಟ್ಟಾಗಿ ಶಸ್ತ್ರಾಸ್ತ್ರ ಮಾರುತ್ತಾನೆ, ಸಂಚು ಹೂಡುತ್ತಾನೆ, ಹೆಣ್ಣುಗಳ ಹಿಂದೆ ಬೀಳುತ್ತಾನೆ. ಅವನ ಮಾತಿನಲ್ಲಿ ಆಡಂಬರ ಹೆಚ್ಚು. ಆದರೆ 1994ರ ಒಂದು ಕಂತಿನಲ್ಲಿ ಅವನ ಇನ್ನೊಂದು ಮುಖ ಕಾಣುತ್ತದೆ. ಜಿಕ್ವಾನ್ ಎಂಬ ಪ್ರಾಚೀನ ಪ್ರವಾದಿಯ ಅನುಯಾಯಿಯಾದ ಅವನು ವಾರ್ಷಿಕ ಆಚರಣೆಯೊಂದನ್ನು ನಡೆಸಬೇಕು. ಅದಕ್ಕೆ ಜಿಕ್ವಾನ್ ಎಥ್ ಎಂಬ ಅಪರೂಪದ ಹೂಗಿಡ ಬೇಕು. ತಾಯ್ನಾಡಿನ ಪವಿತ್ರ ಬೆಟ್ಟಕ್ಕೆ ಸೂರ್ಯನ ಬೆಳಕು ತಾಗುವ ಘಳಿಗೆಯಲ್ಲೇ ಆ ವಿಧಿ ನಡೆಯಬೇಕು. ಗಿಡ ಇರುವುದು ಲಾಂಡೋನ ಬಳಿ, ಅವನು ಕೊಡುವುದಿಲ್ಲ. ವ್ಯಾಜ್ಯ ಬಗೆಹರಿಯುವಷ್ಟರಲ್ಲಿ ಘಳಿಗೆ ಮೀರಿರುತ್ತದೆ. ಆಗ ನಿಲ್ದಾಣದ ಅಧಿಕಾರಿ ಸಿಂಕ್ಲೇರ್ ಒಂದು ದಾರಿ ತೋರಿಸುತ್ತಾನೆ: ವರ್ಷಗಳ ಹಿಂದೆ ಆ ಬೆಟ್ಟವನ್ನು ತಾಗಿದ ಬೆಳಕು ಇನ್ನೂ ಆಕಾಶದಲ್ಲಿ ಪಯಣಿಸುತ್ತಿದೆ, ಅದು ನಿಲ್ದಾಣವನ್ನು ತಲುಪುವ ಹೊತ್ತಿಗೆ ವಿಧಿ ನಡೆಸಬಹುದು. ಊರು ಬಿಟ್ಟು ಬಂದ ಸಮುದಾಯಗಳು ಆಚರಣೆಯ ಕಾಲ ಮತ್ತು ಸ್ಥಳಗಳನ್ನು ಹೊಸ ನೆಲಕ್ಕೆ ಹೊಂದಿಸಿಕೊಳ್ಳುವ ಬಗೆಯನ್ನು ಅಧ್ಯಯನ ಮಾಡಿದವರಿಗೆ ಈ ಪರಿಹಾರ ಅಚ್ಚರಿಯದಲ್ಲ. ಆಚರಣೆಯನ್ನು ಕೈಬಿಡುವುದಿಲ್ಲ, ಅದರ ನಿಯಮವನ್ನೂ ಮುರಿಯುವುದಿಲ್ಲ. ನಿಯಮದ ಅರ್ಥವನ್ನು ಮಾತ್ರ ಹಿಗ್ಗಿಸಲಾಗುತ್ತದೆ. ಕಂತಿನ ಮುಖ್ಯ ಕಥೆ ಬಂದರು ಕಾರ್ಮಿಕರ ಮುಷ್ಕರವಾದರೂ ನೆನಪಿನಲ್ಲಿ ಉಳಿಯುವುದು ಈ ಬೆಳಕೇ.

1995ರ ಇನ್ನೊಂದು ಕಂತು ಸುದ್ದಿವಾಹಿನಿಯ ವರದಿಯ ರೂಪದಲ್ಲಿದೆ. ಅದರಲ್ಲಿ ಜಿಕಾರ್ ತನ್ನ ಬಾಲ್ಯವನ್ನು ಹೇಳಿಕೊಳ್ಳುತ್ತಾನೆ. ಅವನ ತಂದೆ ಸೆಂಟಾರಿ ಮನೆಯೊಂದರಲ್ಲಿ ಆಳು. ಮನೆಯೊಡತಿಯ ಮೇಲೆ ಬಿಸಿ ಪಾನೀಯ ಚೆಲ್ಲಿದನೆಂಬ ತಪ್ಪಿಗೆ ಅವನನ್ನು ಮರಕ್ಕೆ ನೇತುಹಾಕಿ ಕೊಲ್ಲುತ್ತಾರೆ. ಮಗ ಮನೆ ಬಿಟ್ಟು ಓಡಿ ತನ್ನ ಮೊದಲ ಸೆಂಟಾರಿಯನ್ನು ಕೊಲ್ಲುತ್ತಾನೆ. ತಂದೆಯ ಕೊಲೆಗೆ ಸೇಡು ತೀರಿಸುವ ಮಗನ ಕಥೆ ಲೋಕದ ಎಲ್ಲ ಜನಪದ ಪರಂಪರೆಗಳಲ್ಲಿಯೂ ಇದೆ. ಅಲ್ಲಿ ಸಾಮಾನ್ಯವಾಗಿ ಸೇಡು ತೀರಿದಲ್ಲಿಗೆ ಕಥೆ ಮುಗಿಯುತ್ತದೆ. ಇಲ್ಲಿ ಸೇಡು ತೀರಿದ ಮೇಲೆ ಕಥೆ ಮೊದಲಾಗುತ್ತದೆ.

ಪಾತ್ರದ ಮೊದಲ ದೊಡ್ಡ ತಿರುವು ‘ದ ಕಮಿಂಗ್ ಆಫ್ ಶ್ಯಾಡೋಸ್’ ಎಂಬ ಕಂತಿನಲ್ಲಿದೆ. 1995ರಲ್ಲಿ ಪ್ರಸಾರವಾದ ಈ ಕಂತಿಗೆ 1996ರಲ್ಲಿ ಹ್ಯೂಗೋ ಪ್ರಶಸ್ತಿ ದೊರೆಯಿತು. ಸೆಂಟಾರಿಯ ವೃದ್ಧ ಚಕ್ರವರ್ತಿ ನಿಲ್ದಾಣಕ್ಕೆ ಬರುತ್ತಾನೆ. ಜಿಕಾರ್ ಅವನನ್ನು ಕೊಲ್ಲಲು ಸಿದ್ಧನಾಗಿ, ಸಾಯಲೂ ಸಿದ್ಧನಾಗಿ ಹೋಗುತ್ತಾನೆ. ಅಷ್ಟರಲ್ಲಿ ಚಕ್ರವರ್ತಿಯೇ ಕುಸಿದು ಬೀಳುತ್ತಾನೆ. ಅವನು ಬಂದದ್ದು ತನ್ನವರು ನಾರ್ನರಿಗೆ ಮಾಡಿದ ಅನ್ಯಾಯಕ್ಕೆ ಕ್ಷಮೆ ಕೇಳುವುದಕ್ಕಾಗಿ ಎಂಬುದು ವೈದ್ಯನ ಮೂಲಕ ಜಿಕಾರನಿಗೆ ತಿಳಿಯುತ್ತದೆ. ಅವನು ಹಿಗ್ಗಿ ಲಾಂಡೋನನ್ನು ಹುಡುಕಿಕೊಂಡು ಹೋಗಿ ಪಾನೀಯ ಕೊಡಿಸಿ ಕೈಕುಲುಕುತ್ತಾನೆ. ನಾರ್ನರ ವಸಾಹತಿನ ಮೇಲೆ ದಾಳಿ ಮಾಡಿಸಲು ಅದಾಗಲೇ ತಾನು ಒಪ್ಪಂದ ಮಾಡಿಕೊಂಡಿರುವುದು ಲಾಂಡೋನಿಗೆ ಗೊತ್ತು, ಜಿಕಾರನಿಗೆ ಗೊತ್ತಿಲ್ಲ. ಕೆಲವೇ ಗಂಟೆಗಳಲ್ಲಿ ಅವನಿಗೂ ದಾಳಿಯ ಸುದ್ದಿ ಬರುತ್ತದೆ. ತಡವಾಗಿ ಬಂದ ಸಂದೇಶ ಲೋಕದ ಜನಪದ ಕಥನಗಳಲ್ಲಿ ಹಳೆಯ ಆಶಯವೇ; ಆದರೆ ಇಲ್ಲಿ ಸಂದೇಶ ಬರುವಷ್ಟರಲ್ಲಿ ಅದನ್ನು ಸುಳ್ಳಾಗಿಸುವ ಕೃತ್ಯವೂ ಹೊರಟಾಗಿತ್ತು.

ಯುದ್ಧ ನಡೆದು ನಾರ್ನ್ ಸೋಲುತ್ತದೆ. ಆಕಾಶದಿಂದ ಬಂಡೆಗಳನ್ನು ಎಸೆದು ನಗರಗಳನ್ನು ನೆಲಸಮ ಮಾಡಲಾಗುತ್ತದೆ. ನಾರ್ನರ ಆಳುವ ಮಂಡಳಿ ಜಿಕಾರನಿಗೆ ನೀಡುವ ಕೊನೆಯ ಆಜ್ಞೆ, ನಿಲ್ದಾಣದಲ್ಲಿ ಆಶ್ರಯ ಬೇಡಿ ಜೀವ ಉಳಿಸಿಕೊಳ್ಳಬೇಕೆಂಬುದು. ಮಂಡಳಿಯ ಸಭೆಯಲ್ಲಿ ಲಾಂಡೋ ಶರಣಾಗತಿಯ ಷರತ್ತುಗಳನ್ನು ಓದುತ್ತಾನೆ: ನಾರ್ನರ ಆಳ್ವಿಕೆ ರದ್ದು, ಒಬ್ಬ ಸೆಂಟಾರಿಯನ್ನು ನಾರ್ನನೊಬ್ಬ ಕೊಂದರೆ 500 ನಾರ್ನರಿಗೆ ಮರಣದಂಡನೆ, ಜಿಕಾರ್ ಇನ್ನು ಮುಂದೆ ಸಭೆಯ ಸದಸ್ಯನಲ್ಲ. ಹೊರಹೋಗುವ ಮುನ್ನ ಜಿಕಾರ್ ಸ್ವಾತಂತ್ರ್ಯವನ್ನು ಕುರಿತು ನಾಲ್ಕು ಮಾತು ಹೇಳುತ್ತಾನೆ. ರಾಯಭಾರಿಯಾಗಿ ಆಡಿದ ಅಷ್ಟೂ ದಿನಗಳ ಮಾತಿಗಿಂತ ಅಧಿಕಾರ ಕಳೆದುಕೊಂಡ ಕ್ಷಣದ ಈ ಮಾತಿಗೆ ತೂಕ ಹೆಚ್ಚು. ಯಾರ ಪರವಾಗಿ ಎಂಬ ಪ್ರಶ್ನೆಗೆ ಇಲ್ಲಿ ಮೊದಲ ಉತ್ತರ ದೊರೆಯುತ್ತದೆ: ಕಳುಹಿಸಿದ ಪ್ರಭುತ್ವ ಅಳಿದರೂ ಜನ ಅಳಿದಿಲ್ಲ.

ಡೆನ್ಮಾರ್ಕಿನ ಜಾನಪದ ವಿದ್ವಾಂಸ ಆಕ್ಸೆಲ್ ಓಲ್ರಿಕ್ ಅವರು 1909ರಲ್ಲಿ ಪ್ರಕಟಿಸಿದ ಜನಪದ ಕಥನದ ನಿಯಮಗಳಲ್ಲಿ ಎರಡು ಇಲ್ಲಿ ಪ್ರಸ್ತುತ. ಒಂದು ದೃಶ್ಯದಲ್ಲಿ ಇಬ್ಬರೇ ಇರಬೇಕೆಂಬುದು ಒಂದು. ಆ ಇಬ್ಬರೂ ಪರಸ್ಪರ ವಿರುದ್ಧ ಗುಣದವರಾಗಿರುತ್ತಾರೆಂಬುದು ಇನ್ನೊಂದು. ಧಾರಾವಾಹಿಯ ತುಂಬ ನೂರಾರು ಪಾತ್ರಗಳಿದ್ದರೂ ಲಾಂಡೋ ಮತ್ತು ಜಿಕಾರರ ಮುಖ್ಯ ದೃಶ್ಯಗಳೆಲ್ಲ ಈ ನಿಯಮಕ್ಕೆ ಒಳಪಟ್ಟಿವೆ. 1995ರ ನವೆಂಬರ್‌ನಲ್ಲಿ ಪ್ರಸಾರವಾದ ‘ಕನ್ವಿಕ್ಷನ್ಸ್’ ಕಂತಿನ ಲಿಫ್ಟ್ ಪ್ರಸಂಗವನ್ನು ನೋಡಬಹುದು. ಬಾಂಬು ಸಿಡಿದು ಇಬ್ಬರೂ ಲಿಫ್ಟಿನಲ್ಲಿ ಸಿಕ್ಕಿಬೀಳುತ್ತಾರೆ; ಹೊರಗೆ ಬೆಂಕಿ. ಒಬ್ಬರಿಗೊಬ್ಬರು ನೆರವಾದರೆ ಪಾರಾಗಬಹುದೆಂದು ಲಾಂಡೋ ಅಂಗಲಾಚುತ್ತಾನೆ. ಜಿಕಾರ್ ಕದಲುವುದಿಲ್ಲ. ಅವನು ಲಾಂಡೋನನ್ನು ಕೊಲ್ಲುವಂತಿಲ್ಲ, ಕೊಂದರೆ 500 ಜನ ನಾರ್ನರು ಸಾಯುತ್ತಾರೆ. ಆದರೆ ಲಾಂಡೋ ತಾನಾಗಿ ಸತ್ತರೆ ಯಾರಿಗೂ ಶಿಕ್ಷೆಯಿಲ್ಲ. ಅದನ್ನು ಕಣ್ಣಾರೆ ನೋಡುವುದಕ್ಕಾಗಿ ತಾನು ಸಾಯುವುದಕ್ಕೂ ಅವನು ಸಿದ್ಧ. ಹೀಗೆ ಲೆಕ್ಕ ಹಾಕಿ ಅವನು ಗಹಗಹಿಸಿ ನಗುತ್ತಾನೆ. ಜನಪದ ಕಥೆಗಳಲ್ಲಿ ಜಾಣನೊಬ್ಬ ರಾಜಾಜ್ಞೆಯ ಅಕ್ಷರವನ್ನು ಪಾಲಿಸಿಯೇ ಅದರ ಉದ್ದೇಶವನ್ನು ಕೆಡಿಸುವುದುಂಟು. ಅಂಥ ಕಥೆಗಳಲ್ಲಿ ನಗುವುದು ಕೇಳುಗರು. ಇಲ್ಲಿ ನಗುವವನು ಜಿಕಾರನೊಬ್ಬನೇ, ಆ ನಗೆಯಲ್ಲಿ ಮನುಷ್ಯ ಎಷ್ಟು ಬರಿದಾಗಬಲ್ಲನೆಂಬುದು ಕಾಣುತ್ತದೆ. ಇಡೀ ಧಾರಾವಾಹಿಯಲ್ಲಿ ಇದಕ್ಕಿಂತ ಕಠೋರವಾದ ಹಾಸ್ಯ ಇನ್ನೊಂದಿಲ್ಲ.

ಈ ಬರಿದಾದ ಸ್ಥಿತಿಯಲ್ಲಿಯೇ ಪರಿವರ್ತನೆ ನಡೆಯುತ್ತದೆ. 1996ರ ‘ಡಸ್ಟ್ ಟು ಡಸ್ಟ್’ ಕಂತಿನಲ್ಲಿ ಜಿಕಾರ್ ಪರರ ಮನಸ್ಸನ್ನು ಹೊಗುವ ಶಕ್ತಿ ನೀಡುವ ಮಾದಕ ಪುಡಿಯನ್ನು ಸೇವಿಸಿ ಲಾಂಡೋನ ಮೇಲೆ ಬೀಳುತ್ತಾನೆ. ಅವನ ಮನಸ್ಸಿನ ಒಳಹೊಕ್ಕು ಯುದ್ಧಕ್ಕೆ ಅವನೇ ಕಾರಣನೆಂಬುದನ್ನು ಕಂಡುಕೊಳ್ಳುತ್ತಾನೆ. ಆ ಕ್ಷಣದಲ್ಲಿ ಅವನಿಗೆ ದರ್ಶನವಾಗುತ್ತದೆ. ಮರಕ್ಕೆ ನೇತುಬಿದ್ದ ತಂದೆ ಕಾಣಿಸುತ್ತಾನೆ, ದೇವದೂತನ ರೂಪವೊಂದು ಕಾಣಿಸುತ್ತದೆ. ದ್ವೇಷದ ಚಕ್ರ ಎಲ್ಲಾದರೂ ಮುರಿಯಬೇಕು, ಎಲ್ಲರೂ ಉಳಿಯಬೇಕಾದರೆ ಕೆಲವರು ಬಲಿಯಾಗಬೇಕಾದೀತು ಎಂಬ ಉಪದೇಶ ಕೇಳಿಸುತ್ತದೆ. ಸಂತಚರಿತ್ರೆಗಳಲ್ಲಿ ಕಾಣುವ ಪರಿವರ್ತನೆಯ ಘಟನೆಯ ಎಲ್ಲ ಅಂಗಗಳೂ ಇಲ್ಲಿವೆ. ಆದರೆ ಲೇಖಕ ಪ್ರೇಕ್ಷಕರಿಗೆ ಇನ್ನೊಂದನ್ನೂ ತೋರಿಸುತ್ತಾರೆ: ಈ ದರ್ಶನವನ್ನು ಉಂಟುಮಾಡಿದವನು ವೊರ್ಲಾನ್ ರಾಯಭಾರಿ ಕಾಶ್. ವೊರ್ಲಾನರು ಬಹಳ ಹಿಂದಿನಿಂದಲೂ ಕಿರಿಯ ಜನಾಂಗಗಳ ಮನಸ್ಸಿನಲ್ಲಿ ತಮ್ಮ ರೂಪವನ್ನೇ ದೇವದೂತರ ರೂಪವಾಗಿ ಬಿತ್ತಿದವರು. ಮುಂಬರುವ ಮಹಾಯುದ್ಧದಲ್ಲಿ ಅವರಿಗೆ ನಾರ್ನರು ಬೇಕು.

ಹಾಗಾದರೆ ಜಿಕಾರನ ಪರಿವರ್ತನೆ ನಿಜವೋ, ಇನ್ನೊಬ್ಬ ರಾಯಭಾರಿ ಹೂಡಿದ ತಂತ್ರವೋ? ಪಾತ್ರದ ವಿಮರ್ಶೆಯಲ್ಲಿ ಎದುರಿಸಲೇಬೇಕಾದ ಪ್ರಶ್ನೆಯಿದು. ಅಭಿಮಾನದ ಬರಹಗಳು ಇದನ್ನು ಸುಲಭವಾಗಿ ದಾಟಿಬಿಡುತ್ತವೆ. ಬಲಿಯಾಗಬೇಕಾದ ‘ಕೆಲವರು’ ಯಾರೆಂದು ನಿರ್ಧರಿಸುವವರು ಬಲಿಯಾಗುವವರಲ್ಲ ಎಂಬುದು ಆ ಉಪದೇಶದೊಳಗಿನ ಕ್ರೌರ್ಯ. ಅದೇ ವರ್ಷದ ಮತ್ತೊಂದು ಕಂತಿನಲ್ಲಿ ಮಿನ್ಬಾರಿ ರಾಯಭಾರಿ ಡಿಲೆನ್, ನಾರ್ನರ ಮೇಲೆ ದಾಳಿ ಮಾಡಿದ ಶಕ್ತಿಯ ಬಗ್ಗೆ ತನಗೆ ಮೊದಲೇ ಗೊತ್ತಿತ್ತು, ದೊಡ್ಡ ಹಿತಕ್ಕಾಗಿ ಮೌನವಾಗಿದ್ದೆ ಎಂದು ಜಿಕಾರನೆದುರು ಒಪ್ಪಿಕೊಳ್ಳುತ್ತಾಳೆ. ಅವನು ಅವಳ ತರ್ಕವನ್ನು ಅರ್ಥಮಾಡಿಕೊಳ್ಳುತ್ತಾನೆ, ಅವಳ ಪಕ್ಷವನ್ನೂ ಸೇರುತ್ತಾನೆ, ಆದರೆ ಕ್ಷಮಿಸಲಾರೆನೆನ್ನುತ್ತಾನೆ. ದರ್ಶನ ಎಲ್ಲಿಂದಲಾದರೂ ಬಂದಿರಲಿ, ಅದನ್ನು ಹೊತ್ತು ನಡೆದವನು ತಾನೇ ಅದರ ಬೆಲೆಯನ್ನು ಕಟ್ಟುತ್ತಿದ್ದಾನೆ ಎಂಬುದಕ್ಕೆ ಈ ‘ಕ್ಷಮಿಸಲಾರೆ’ ಸಾಕ್ಷಿ. ಕಾಶ್ ಕಲಿಸಿದ ಪಾಠವನ್ನಷ್ಟೇ ಒಪ್ಪಿಸುವವನಾಗಿದ್ದರೆ ಅವನು ಅಲ್ಲಿಯೇ ಕ್ಷಮಿಸಿಬಿಡುತ್ತಿದ್ದ.

ಜನಪದ ಆಶಯವನ್ನು ನೇರವಾಗಿ ಹೆಸರಿಸಿಯೇ ಬಳಸಿದ ಒಂದು ಕಂತೂ ಇದೆ. 1996ರ ‘ಎ ಲೇಟ್ ಡೆಲಿವರಿ ಫ್ರಮ್ ಅವಲಾನ್’ನಲ್ಲಿ ತಾನೇ ದೊರೆ ಆರ್ಥರ್ ಎಂದು ಹೇಳಿಕೊಳ್ಳುವ ಮನುಷ್ಯನೊಬ್ಬ ಖಡ್ಗ ಹಿಡಿದು ನಿಲ್ದಾಣಕ್ಕೆ ಬರುತ್ತಾನೆ. ನಾಡಿಗೆ ಕಷ್ಟ ಬಂದಾಗ ಮರಳುವ ಮಲಗಿದ ದೊರೆಯ ಆಶಯ ಸ್ಟಿತ್ ಥಾಂಪ್ಸನ್ ಅವರ ಆಶಯ ಸೂಚಿಯಲ್ಲಿ ಡಿ 1960.2 ಎಂಬ ಸಂಖ್ಯೆಯಡಿ ದಾಖಲಾಗಿದೆ. ಉಳಿದವರೆಲ್ಲ ಅವನನ್ನು ಭ್ರಾಂತನೆಂದು ತಿಳಿದರೆ ಜಿಕಾರನಿಗೆ ಆ ಪ್ರಶ್ನೆಯೇ ಮುಖ್ಯವಾಗುವುದಿಲ್ಲ. ಅಸಹಾಯಕ ಮುದುಕಿಯೊಬ್ಬಳಿಗೆ ಆದ ಅನ್ಯಾಯವನ್ನು ಸರಿಪಡಿಸಲು ಇಬ್ಬರೂ ಸೇರಿ ಪುಂಡರನ್ನು ಬಡಿಯುತ್ತಾರೆ; ಆರ್ಥರ್ ಅವನಿಗೆ ವೀರಪದವಿ ನೀಡುತ್ತಾನೆ. ಕೊನೆಗೆ ಆ ಮನುಷ್ಯ ನಾರ್ನರ ಪ್ರತಿರೋಧ ಪಡೆಗೆ ನೆರವಾಗಲು ಹೊರಡುತ್ತಾನೆ. ಕಂತು ಸ್ವಲ್ಪ ಭಾವುಕವೇ. ಆದರೂ ಐತಿಹ್ಯದ ಸತ್ಯಾಸತ್ಯವನ್ನು ಕೇಳದೆ ಅದರ ಬಳಕೆಯನ್ನು ಗ್ರಹಿಸುವವನು ನಾಡು ಕಳೆದುಕೊಂಡವನೇ ಆಗಿರುವುದು ಗಮನಾರ್ಹ.

1996ರ ಕೊನೆಯಿಂದ 1997ರ ಆರಂಭದವರೆಗಿನ ಕಂತುಗಳಲ್ಲಿ ಜಿಕಾರ್ ಸೆಂಟಾರಿಯರ ಸೆರೆಯಾಳು. ಹುಚ್ಚು ಚಕ್ರವರ್ತಿ ಕಾರ್ಟಾಜಿಯನಿಗೆ ಅವನ ಚೀರಾಟ ಕೇಳಬೇಕು. ನಲವತ್ತನೆಯ ಚಾಟಿಯೇಟಿಗೆ ಯಾರೂ ಬದುಕುವುದಿಲ್ಲ. ಈಗ ಅವನ ಜೀವ ಬೇಕಾಗಿರುವುದು ಲಾಂಡೋನಿಗೆ, ಏಕೆಂದರೆ ಚಕ್ರವರ್ತಿಯನ್ನು ಕೊಲ್ಲುವ ಸಂಚಿನಲ್ಲಿ ಅವನ ನೆರವು ಬೇಕು; ಪ್ರತಿಯಾಗಿ ನಾರ್ನಿನ ಬಿಡುಗಡೆಯ ಮಾತು ಕೊಟ್ಟಿದ್ದಾನೆ. ಎಣಿಕೆ ಮುಗಿಯುತ್ತ ಬಂದಾಗ ಜಿಕಾರ್ ಚೀರುತ್ತಾನೆ. ಚಿತ್ರಹಿಂಸೆಗೆ ಬಾಯಿಬಿಡದ ವೀರನನ್ನು ಕೊಂಡಾಡುವ ಕಥನ ಪರಂಪರೆಗೆ ಇದು ಹೊರತಾದುದು. ತನ್ನ ಅಭಿಮಾನವನ್ನು ಉಳಿಸಿಕೊಂಡು ಸಾಯುವುದು ಅವನಿಗೆ ಸುಲಭವಿತ್ತು. ಜನರಿಗಾಗಿ ಅದನ್ನು ಬಿಟ್ಟುಕೊಡುತ್ತಾನೆ. ಅನಂತರ, ಅವನು ನೋಡುವ ರೀತಿ ಹಿಡಿಸಲಿಲ್ಲವೆಂದು ಚಕ್ರವರ್ತಿ ಅವನ ಒಂದು ಕಣ್ಣನ್ನು ಕೀಳಿಸುತ್ತಾನೆ. ಕಾರ್ಟಾಜಿಯ ಸತ್ತು ನಾರ್ನ್ ಬಿಡುಗಡೆಯಾದಾಗ ಜನ ಜಿಕಾರನನ್ನೇ ಆಳಲು ಕರೆಯುತ್ತಾರೆ. ಅವನು ಒಪ್ಪುವುದಿಲ್ಲ.

ಸೆರೆಮನೆಯಲ್ಲಿ ಬರೆಯತೊಡಗಿದ ಅವನ ಪುಸ್ತಕದ ಕಥೆ ಪ್ರತ್ಯೇಕ ಅಧ್ಯಯನಕ್ಕೆ ಅರ್ಹ. 1998ರ ಋತುವಿನಲ್ಲಿ ಅವನು ಗ್ರಹಗಳ ಒಕ್ಕೂಟದ ಪ್ರಮಾಣವಚನವನ್ನೂ ತತ್ತ್ವಘೋಷಣೆಯನ್ನೂ ರಚಿಸುತ್ತಾನೆ; ಅಂದರೆ ಒಬ್ಬರ ಮಾತನ್ನು ಇನ್ನೊಬ್ಬರಿಗೆ ಮುಟ್ಟಿಸುತ್ತಿದ್ದವನು ಎಲ್ಲರ ಬಾಯಲ್ಲೂ ಬರಬೇಕಾದ ಮಾತನ್ನು ಕಟ್ಟುವವನಾಗುತ್ತಾನೆ. ಅತ್ತ ಅವನ ಖಾಸಗಿ ಬರಹ ಅವನ ಒಪ್ಪಿಗೆಯಿಲ್ಲದೆ ನಾರ್ನಿನಲ್ಲಿ ಪ್ರಕಟವಾಗಿ ಧರ್ಮಗ್ರಂಥವಾಗಿಬಿಡುತ್ತದೆ. ಶಿಷ್ಯರು ಹುಡುಕಿಕೊಂಡು ಬರುತ್ತಾರೆ. ವಾಕ್ಯಗಳಿಗೆ ಅವನೂ ಊಹಿಸದ ಅರ್ಥಗಳನ್ನು ಹಚ್ಚುತ್ತಾರೆ. ಅವನು ನಾರ್ನಿಗೆ ಮರಳಲು ನಿರಾಕರಿಸಿದಾಗ ಅನುಯಾಯಿಯೊಬ್ಬನೇ ಅವನನ್ನು ಕೊಲ್ಲಲು ಯತ್ನಿಸುತ್ತಾನೆ. ವಚನ ಗ್ರಂಥವಾಗುವ, ಗ್ರಂಥ ಪಂಥವಾಗುವ, ಪಂಥ ಗುರುವನ್ನೇ ಕಟ್ಟಿಹಾಕುವ ಪ್ರಕ್ರಿಯೆಯನ್ನು ಗುರು ಬದುಕಿರುವಾಗಲೇ ತೋರಿಸಿದ ಕಥೆಗಳು ವಿರಳ.

ಇನ್ನು ಭವಿಷ್ಯವಾಣಿ. 1994ರ ಮೊದಲ ಕಂತಿನಲ್ಲಿಯೇ ಲಾಂಡೋ ತನ್ನ ಸಾವಿನ ಕನಸನ್ನು ಹೇಳುತ್ತಾನೆ: ಸುಮಾರು ಇಪ್ಪತ್ತು ವರ್ಷಗಳ ನಂತರ ಮುದುಕನಾದ ತಾನು ಮತ್ತು ಒಬ್ಬ ನಾರ್ನ್ ಪರಸ್ಪರರ ಕುತ್ತಿಗೆ ಹಿಸುಕಿ ಸಾಯುತ್ತೇವೆ, ಆ ನಾರ್ನ್ ಜಿಕಾರ್. ಸಾವಿನ ಮುನ್ಸೂಚನೆ ಥಾಂಪ್ಸನ್ ಅವರ ಸೂಚಿಯಲ್ಲಿ ಎಂ 341, ತಪ್ಪಿಸಿಕೊಳ್ಳುವ ವ್ಯರ್ಥ ಯತ್ನ ಎಂ 370. ಈ ಆಶಯದ ಕಥೆಗಳಲ್ಲಿ ತಪ್ಪಿಸಿಕೊಳ್ಳಲು ಮಾಡಿದ ಯತ್ನವೇ ಭವಿಷ್ಯವನ್ನು ನಿಜವಾಗಿಸುವುದು ರೂಢಿಯ ಜಾಡು. ಪ್ರೇಕ್ಷಕರು ಎರಡು ವರ್ಷ ಆ ಜಾಡಿನಲ್ಲೇ ಕಥೆಯನ್ನು ಓದಿದರು: ದ್ವೇಷ ಬೆಳೆದು ಬೆಳೆದು ಆ ಕೊಲೆಗೆ ಮುಟ್ಟುತ್ತದೆ. 1996ರ ‘ವಾರ್ ವಿದೌಟ್ ಎಂಡ್’ ಕಂತಿನ ಎರಡನೆಯ ಭಾಗದಲ್ಲಿ ದೃಶ್ಯ ಪೂರ್ಣವಾಗಿ ಕಾಣುತ್ತದೆ. ಚಕ್ರವರ್ತಿಯಾಗಿರುವ ಲಾಂಡೋನ ಹೆಗಲ ಮೇಲೆ ಅವನನ್ನು ಆಳುವ ಪರಜೀವಿಯೊಂದಿದೆ. ಅದು ಮತ್ತಿನಲ್ಲಿ ಮಲಗಿರುವಾಗ ಅವನು ಸೆರೆಯಲ್ಲಿದ್ದ ಶೆರಿಡನ್ ಮತ್ತು ಡಿಲೆನ್‌ರನ್ನು ಬಿಡಿಸಿ, ಅದು ಎಚ್ಚೆತ್ತು ಅವರನ್ನು ಹಿಡಿಸುವ ಮೊದಲೇ ತನ್ನನ್ನು ಕೊಂದುಬಿಡೆಂದು ಹಳೆಯ ಗೆಳೆಯನನ್ನು ಬೇಡಿಕೊಳ್ಳುತ್ತಾನೆ. ಆ ಗೆಳೆಯ ಜಿಕಾರ್. ಅವನು ಕುತ್ತಿಗೆ ಹಿಸುಕುವಾಗ ಪರಜೀವಿ ಎಚ್ಚೆತ್ತು ಲಾಂಡೋನ ಕೈಗಳನ್ನು ಜಿಕಾರನ ಕುತ್ತಿಗೆಗೆ ಹಾಕಿಸುತ್ತದೆ. ಇಬ್ಬರೂ ಸಾಯುತ್ತಾರೆ.

ಕನಸಿನಲ್ಲಿ ಕಂಡ ಚಿತ್ರದಲ್ಲಿ ಒಂದು ಗೆರೆಯೂ ಬದಲಾಗಿಲ್ಲ. ಬದಲಾದದ್ದು ಅದರ ಅರ್ಥ ಮಾತ್ರ. ಕೊಲೆಯಾಗಿ ಕಂಡದ್ದು ಕರುಣೆಯಾಗಿತ್ತು. ದ್ವ್ಯರ್ಥದ ಭವಿಷ್ಯವಾಣಿಗಳು ಜನಪದದಲ್ಲಿ ಹೇರಳ. ಆದರೆ ಅಲ್ಲಿ ದ್ವ್ಯರ್ಥ ಸಾಮಾನ್ಯವಾಗಿ ಮಾತಿನಲ್ಲಿರುತ್ತದೆ, ಅದು ಕೇಳುಗನ ಅಹಂಕಾರವನ್ನು ಬಲಿ ತೆಗೆದುಕೊಳ್ಳುತ್ತದೆ. ಇಲ್ಲಿ ದ್ವ್ಯರ್ಥ ಇರುವುದು ಇಬ್ಬರ ಸಂಬಂಧದಲ್ಲಿ. ವಿಧಿಯನ್ನು ತಪ್ಪಿಸಲಾಗದೆಂಬ ಹಳೆಯ ನಂಬಿಕೆಯನ್ನು ಲೇಖಕ ಮುಟ್ಟುವುದಿಲ್ಲ. ಆ ವಿಧಿಯತ್ತ ಯಾವ ಮನಸ್ಸಿನಿಂದ ನಡೆಯಬೇಕೆಂಬುದನ್ನು ಮಾತ್ರ ಪಾತ್ರಗಳಿಗೆ ಬಿಡುತ್ತಾರೆ. ಇದೇ ವರ್ಷ ಬೇರೊಂದು ಕಂತಿನಲ್ಲಿ ಕಣಿ ಹೇಳುವ ಹೆಣ್ಣೊಬ್ಬಳು ಲಾಂಡೋನಿಗೆ ಮೂರು ಅವಕಾಶಗಳನ್ನು ಒಗಟಿನಂತೆ ಹೇಳುತ್ತಾಳೆ; ಅವುಗಳಲ್ಲಿ ಒಂದು ‘ಕಾಣದ ಕಣ್ಣನ್ನು’ ಉಳಿಸುವುದು. ಅದು ಜಿಕಾರನ ಕಿತ್ತ ಕಣ್ಣೆಂದು ಅನೇಕ ಪ್ರೇಕ್ಷಕರು ಬಿಡಿಸಿದ್ದಾರೆ, ಬೇರೆ ಬಿಡಿಸುವಿಕೆಗಳೂ ಇವೆ. ಒಗಟಿಗೆ ಒಂದೇ ಉತ್ತರವಿರಬೇಕೆಂಬುದನ್ನು ಲೇಖಕರಿಗಿಂತ ಕೇಳುಗರೇ ಹೆಚ್ಚಾಗಿ ಬಯಸುವುದು ಮೌಖಿಕ ಪರಂಪರೆಯಲ್ಲಿಯೂ ಉಂಟು.

ಆ ಸಾವಿನ ದೃಶ್ಯಕ್ಕೆ ಅರ್ಥ ಕೊಡುವ ಸಂಭಾಷಣೆ ಬಂದದ್ದು ಎರಡು ವರ್ಷಗಳ ನಂತರ. 1998ರ ಅಕ್ಟೋಬರ್‌ನಲ್ಲಿ ಪ್ರಸಾರವಾದ ಕಂತಿನಲ್ಲಿ ಲಾಂಡೋ ಚಕ್ರವರ್ತಿಯಾಗಲು ಹೊರಟಿದ್ದಾನೆ, ಇಬ್ಬರೂ ಬೀಳ್ಕೊಳ್ಳುತ್ತಾರೆ. ತನ್ನ ಜನ ಲಾಂಡೋನ ಜನರನ್ನು ಎಂದಿಗೂ ಕ್ಷಮಿಸಲಾರರು, ಆದರೆ ತಾನು ಅವನನ್ನು ಕ್ಷಮಿಸಬಲ್ಲೆ ಎಂಬರ್ಥದ ಮಾತನ್ನು ಜಿಕಾರ್ ಹೇಳುತ್ತಾನೆ. ಐದು ವರ್ಷ ಜನರ ಪರವಾಗಿ ಮಾತನಾಡಿದವನು ಇಲ್ಲಿ ಜನರ ಮಾತನ್ನೂ ತನ್ನ ಮಾತನ್ನೂ ಬೇರ್ಪಡಿಸುತ್ತಾನೆ. ಕ್ಷಮಿಸುವ ಹಕ್ಕು ಸತ್ತವರದು, ಅದನ್ನು ಅವರ ಪರವಾಗಿ ಯಾವ ರಾಯಭಾರಿಯೂ ಚಲಾಯಿಸುವಂತಿಲ್ಲ ಎಂಬ ಎಚ್ಚರ ಆ ಮಾತಿನಲ್ಲಿದೆ. ಹಾಗೆಂದು ಸತ್ತವರ ಹೆಸರಿನಲ್ಲಿ ತನ್ನ ಪಾಲಿನ ಕ್ಷಮೆಯನ್ನು ತಡೆಹಿಡಿಯುವುದೂ ಇಲ್ಲ.

ಪಾತ್ರಕ್ಕೆ ಈ ಬಲ ಬಂದದ್ದರಲ್ಲಿ ನಟ ಆಂಡ್ರಿಯಾಸ್ ಕ್ಯಾಟ್ಸುಲಾಸ್ ಅವರ ಪಾಲು ದೊಡ್ಡದು. ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ 1946ರಲ್ಲಿ ಜನಿಸಿದ ಅವರು ಪೀಟರ್ ಬ್ರೂಕ್ ಅವರ ಅಂತಾರಾಷ್ಟ್ರೀಯ ರಂಗತಂಡದಲ್ಲಿ ವರ್ಷಗಟ್ಟಲೆ ದುಡಿದವರು. ಮುಖ, ತಲೆಗಳನ್ನು ಪೂರ್ತಿ ಮುಚ್ಚುವ ರಬ್ಬರ್ ತೊಗಲು, ಕಣ್ಣಿಗೆ ಕೆಂಪು ಮಸೂರ. ಉಳಿದದ್ದು ದನಿ ಮತ್ತು ಮೈಯ ನಿಲುವು. ಮುಖವಾಡದ ರಂಗಭೂಮಿಯನ್ನು ಬಲ್ಲವರಿಗೆ ಅಷ್ಟು ಸಾಕೆಂಬುದು ಗೊತ್ತು. ಅವರು 2006ರ ಫೆಬ್ರವರಿ 13ರಂದು ಶ್ವಾಸಕೋಶದ ಕ್ಯಾನ್ಸರ್‌ನಿಂದ ನಿಧನರಾದರು. ಧಾರಾವಾಹಿಯ ವೈದ್ಯನ ಪಾತ್ರ ವಹಿಸಿದ್ದ ರಿಚರ್ಡ್ ಬಿಗ್ಸ್ 2004ರಲ್ಲಿಯೇ ತೀರಿಕೊಂಡಿದ್ದರು. 2007ರಲ್ಲಿ ಬಂದ ‘ದ ಲಾಸ್ಟ್ ಟೇಲ್ಸ್’ನಲ್ಲಿ ಈ ಎರಡು ಪಾತ್ರಗಳಿಗೆ ಬೇರೆ ನಟರನ್ನು ಹಾಕಲಿಲ್ಲ. ಜಿಕಾರ್ ಮತ್ತು ವೈದ್ಯ ಫ್ರಾಂಕ್ಲಿನ್ ಇಬ್ಬರೂ ನಕ್ಷತ್ರಮಂಡಲದ ಅಂಚಿನಾಚೆಗೆ ಅನ್ವೇಷಣೆಗೆ ಹೋಗಿದ್ದಾರೆಂದು ಕಥೆಯೊಳಗೇ ಹೇಳಲಾಯಿತು. 2023ರ ಅನಿಮೇಷನ್ ಚಿತ್ರ ‘ದ ರೋಡ್ ಹೋಮ್’ನಲ್ಲಿ ಜಿಕಾರ್ ಮತ್ತೆ ಕಾಣಿಸಿಕೊಂಡ. ಲಾಂಡೋನಿಗೆ ದನಿ ನೀಡಿದವರು ಮೂಲನಟ ಪೀಟರ್ ಜುರಾಸಿಕ್. ಜಿಕಾರನ ದನಿ ಮಾತ್ರ ಬೇರೆಯವರದಾಗಿತ್ತು.